ಲ್ಯಾಪ್‌ಟಾಪ್‌ನಲ್ಲಿ ಸ್ಪಷ್ಟ, ಟಿವಿಯಲ್ಲಿ ಮಸುಕು: ಮನೆಯಲ್ಲಿ ಸಂಕಲಿಸಿದ ವಿಡಿಯೊದ ದೋಷ ಹುಡುಕುವ ಬಗೆ

ಬೀದರಿನ ನಮ್ಮ ಮನೆಯ ಪಡಸಾಲೆಯಲ್ಲಿ 43 ಇಂಚಿನ ಫುಲ್ ಎಚ್‌ಡಿ ಟಿವಿ ಇದೆ. ಕಳೆದ ಚಳಿಗಾಲದಲ್ಲಿ ನಮ್ಮ ಓಣಿಯ ಬಿದ್ರಿ ಕುಶಲಕರ್ಮಿಯೊಬ್ಬರ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಮೊಬೈಲ್‌ನಲ್ಲಿ ಚಿತ್ರೀಕರಿಸಿ ಮನೆಯಲ್ಲೇ ಸಂಕಲನ ಮಾಡಿದೆ. ಸತು ಮತ್ತು ತಾಮ್ರ ಕರಗಿಸಿ ಅಚ್ಚಿಗೆ ಹೊಯ್ಯುವುದು, ಅರ ಉಜ್ಜಿ ನಯ ಮಾಡುವುದು, ಮೈಲುತುತ್ತದ ನೀರು ಬಳಿದು ಮೈ ಕಪ್ಪಾಗಿಸಿ ಉಳಿಯಿಂದ ಗೆರೆ ಕೊರೆಯುವುದು, ಆ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಿಂದ ತಟ್ಟುವುದು, ಕಡೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಬಿಸಿ ಮೈಗೆ ತಿಕ್ಕಿ ಖಾಯಂ ಕಪ್ಪು ಏರಿಸುವುದು. ಎಲ್ಲ ಸೇರಿ 25 ನಿಮಿಷ. ಲ್ಯಾಪ್‌ಟಾಪ್‌ನಲ್ಲಿ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಅವರನ್ನು ಮನೆಗೆ ಕರೆದು ಟಿವಿಯಲ್ಲಿ ಹಾಕಿದೆ. ಎರಡು ನಿಮಿಷ ನೋಡಿ ಅವರು ಕೇಳಿದರು: “ತಮ್ಮಾ, ನನ್ನ ತಂತಿ ಎಲ್ಲಿ ಹೋಯಿತು? ಹೂಜಿಯ ಮೇಲೆ ಬೂದಿ ಎರಚಿದ ಹಾಗೆ ಕಾಣುತ್ತಿದೆಯಲ್ಲ.”

ಆ ಕುಶಲಕರ್ಮಿಯನ್ನು ನಾವು ಕಾಕಾ ಎನ್ನುತ್ತೇವೆ. ಕಾಕಾ ಹೇಳಿದ್ದು ನಿಜವಾಗಿತ್ತು. ಕೂದಲೆಳೆಯಂತಹ ತಾರಕಶಿ (ತಂತಿ ಕೂರಿಸಿದ) ಕೆಲಸವಿದ್ದ ಕಡೆಯೆಲ್ಲ ಬೂದುಬಣ್ಣದ ತೇಪೆ. ಕಪ್ಪು ಮೈಯ ಮೇಲೆ ಚೌಕ ಚೌಕವಾದ ಕಲೆ. ಒಬ್ಬರು ದಿನಗಟ್ಟಲೆ ಕಣ್ಣು ಕೀಲಿಸಿ ಮಾಡಿದ ಕೆಲಸವನ್ನು ನನ್ನ ವಿಡಿಯೊ ಕೆಡಿಸಿ ತೋರಿಸುತ್ತಿದೆ ಎಂಬುದು ನನಗೆ ಬಹಳ ನೋವು ಕೊಟ್ಟಿತು. ಮುಂದಿನ ಎಂಟು ಸಂಜೆ ಕುಳಿತು ತಪ್ಪು ಹುಡುಕಿದೆ. ಹುಡುಕಿದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಮದುವೆ, ಕುಬಸ, ಜಾತ್ರೆ, ಉರುಸು, ಯಾವುದರ ವಿಡಿಯೊ ಆದರೂ ಹುಡುಕುವ ದಾರಿ ಇದೇ.

ರಿಮೋಟ್ ಮುಟ್ಟುವ ಮೊದಲು

ಚಿತ್ರ ಮಸುಕಾಗಿದ್ದರೆ ಕೈ ಮೊದಲು ಹೋಗುವುದು ರಿಮೋಟ್‌ಗೆ. ‘ಶಾರ್ಪ್‌ನೆಸ್’ ಏರಿಸುತ್ತೇವೆ. ನಾನೂ ಏರಿಸಿದೆ. ಬೂದು ತೇಪೆಗೆ ಬಿಳಿ ಅಂಚು ಬಂತೇ ಹೊರತು ತಂತಿ ಬರಲಿಲ್ಲ. ಫೈಲ್‌ನಲ್ಲಿ ಇಲ್ಲದ ವಿವರವನ್ನು ಟಿವಿ ಹುಟ್ಟಿಸಲಾರದು. ಆದ್ದರಿಂದ ವಿವರ ಎಲ್ಲಿ ಕಳೆಯಿತು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು.

ಚಿತ್ರ ಕ್ಯಾಮೆರಾದಿಂದ ಹೊರಟು ಸಂಕಲನದ ಆ್ಯಪ್‌ಗೆ, ಅಲ್ಲಿಂದ ಎಕ್ಸ್‌ಪೋರ್ಟ್ ಆದ (ಸಂಕಲನ ಮುಗಿಸಿ ಒಂದೇ ವಿಡಿಯೊ ಆಗಿ ಹೊರತೆಗೆದ) ಫೈಲ್‌ಗೆ, ಅಲ್ಲಿಂದ ಪೆನ್‌ಡ್ರೈವ್ ಅಥವಾ ವೈಫೈ ಮೂಲಕ ಟಿವಿಗೆ, ಟಿವಿಯ ಒಳಗಿನ ಸಂಸ್ಕರಣೆ ದಾಟಿ ಪರದೆಗೆ ಬರುತ್ತದೆ. ಪ್ರತಿ ಕೈ ಬದಲಾವಣೆಯಲ್ಲೂ ಸ್ವಲ್ಪ ಕಳೆಯುವ ಸಾಧ್ಯತೆ ಇದೆ. ಈ ದಾರಿಯನ್ನು ನಡುವೆ ಕತ್ತರಿಸಿ ನೋಡಿದರೆ ಅರ್ಧ ಕೆಲಸ ಮುಗಿಯಿತು. ಮೊಬೈಲ್‌ನಲ್ಲಿ ತೆಗೆದ ಮೂಲ ತುಣುಕೊಂದನ್ನು, ಯಾವ ಸಂಕಲನವನ್ನೂ ಮಾಡದೆ, ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿ. ಅದೇ ದೃಶ್ಯವಿರುವ ನಿಮ್ಮ ಸಂಕಲಿತ ಫೈಲನ್ನೂ ಅದೇ ಪೆನ್‌ಡ್ರೈವ್‌ಗೆ ಹಾಕಿ. ಎರಡನ್ನೂ ಟಿವಿಯ ಯುಎಸ್‌ಬಿ ಕಿಂಡಿಯಿಂದ ಒಂದಾದ ಮೇಲೊಂದು ನಡೆಸಿ, ಅದೇ ಜಾಗದಲ್ಲಿ ನಿಲ್ಲಿಸಿ ನೋಡಿ.

ಮೂಲ ತುಣುಕು ಸ್ಪಷ್ಟ, ಸಂಕಲಿತ ಫೈಲ್ ಮಸುಕು ಎಂದಾದರೆ ಟಿವಿ ನಿರಪರಾಧಿ. ಸಂಕಲನ ಅಥವಾ ಎಕ್ಸ್‌ಪೋರ್ಟ್‌ನಲ್ಲಿ ತಪ್ಪಿದೆ. ಎರಡೂ ಮಸುಕಾದರೆ ಟಿವಿಯ ಸೆಟ್ಟಿಂಗ್ ಅಥವಾ ಚಿತ್ರೀಕರಣವನ್ನೇ ನೋಡಬೇಕು. ಪೆನ್‌ಡ್ರೈವ್‌ನಿಂದ ಎರಡೂ ಚೆನ್ನಾಗಿದ್ದು, ಫೋನ್‌ನಿಂದ ವೈಫೈ ಮೂಲಕ ಕಳಿಸಿದಾಗ ಮಾತ್ರ ಕೆಡುತ್ತಿದ್ದರೆ ತಪ್ಪು ಸಾಗಣೆಯದು.

ಇನ್ನೊಂದು ಸಣ್ಣ ಪರೀಕ್ಷೆಯನ್ನು ನಾನು ಮೊದಲ ದಿನವೇ ಮಾಡಬೇಕಿತ್ತು. ಲ್ಯಾಪ್‌ಟಾಪ್‌ನಲ್ಲಿ ನಾನು ನೋಡಿ ಮೆಚ್ಚಿದ್ದು ಸಂಕಲನದ ಆ್ಯಪ್ ಒಳಗಿನ ಕಿಟಕಿಯಲ್ಲಿ. ಅಲ್ಲಿ ಕಾಣುವುದು ಮೂಲ ತುಣುಕುಗಳೇ. ಎಕ್ಸ್‌ಪೋರ್ಟ್ ಆಗಿ ಹೊರಬಂದ ಫೈಲ್ ಬೇರೆ. ಆ ಫೈಲನ್ನು ವಿಎಲ್‌ಸಿ ಎಂಬ ವಿಡಿಯೊ ನಡೆಸುವ ತಂತ್ರಾಂಶದಲ್ಲಿ ಪೂರ್ಣ ಪರದೆಗೆ ಹಾಕಿ ನೋಡಿದಾಗ ಲ್ಯಾಪ್‌ಟಾಪ್‌ನಲ್ಲೂ ತಂತಿ ಕದಡಿತ್ತು. 15.6 ಇಂಚಿನ ಪರದೆಯಲ್ಲಿ ಅದು ಅಷ್ಟಾಗಿ ಎದ್ದು ಕಾಣದು. 43 ಇಂಚಿನ ಟಿವಿ ಅದನ್ನೇ ಅಗಲದಲ್ಲಿ ಎರಡು ಮುಕ್ಕಾಲು ಪಟ್ಟು ಹಿಗ್ಗಿಸುತ್ತದೆ. ಹಾಗೆಂದು ಟಿವಿಗೆ ಮೂಗು ತಾಗಿಸಿ ನೋಡಿ ತೀರ್ಪು ಕೊಡಬೇಡಿ. 43 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಒಂದೊಂದು ಪಿಕ್ಸೆಲ್ ಸುಮಾರು ಅರ್ಧ ಮಿಲಿಮೀಟರ್ ಅಗಲವಿರುತ್ತದೆ. ಹತ್ತಿರ ನಿಂತರೆ ಯಾವ ಚಿತ್ರವೂ ಒರಟಾಗಿಯೇ ಕಾಣುತ್ತದೆ. ಮನೆಯವರು ಕೂರುವ ಜಾಗದಲ್ಲಿ ಕೂತು ನೋಡಿ.

ಫೈಲ್‌ನ ತೂಕವೇ ಅರ್ಧ ಉತ್ತರ

ನನ್ನ 25 ನಿಮಿಷದ ಫೈಲ್ 190 ಎಂಬಿ ಇತ್ತು. ಈ ಒಂದು ಅಂಕಿಯಿಂದಲೇ ರೋಗ ಗೊತ್ತಾಗಬೇಕಿತ್ತು. ಲೆಕ್ಕ ಸುಲಭ: ಎಂಬಿಯನ್ನು 8ರಿಂದ ಗುಣಿಸಿ, ಒಟ್ಟು ಸೆಕೆಂಡುಗಳಿಂದ ಭಾಗಿಸಿ. 190 ಗುಣಿಸು 8 ಎಂದರೆ 1,520. ಅದನ್ನು 1,500 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮೆಗಾಬಿಟ್. ಇದಕ್ಕೆ ಬಿಟ್‌ರೇಟ್ ಎನ್ನುತ್ತಾರೆ. ಹಳೆಯ ಡಿವಿಡಿಯಲ್ಲಿ 720 ಗುಣಿಸು 576ರ ಪುಟ್ಟ ಚಿತ್ರಕ್ಕೇ ಸೆಕೆಂಡಿಗೆ 9.8 ಮೆಗಾಬಿಟ್‌ವರೆಗೆ ಜಾಗವಿತ್ತು. ಅದರ ತಂತ್ರ ಹಳೆಯದು, ವಿಡಿಯೊ ಕುಗ್ಗಿಸುವ ಇಂದಿನ ತಂತ್ರವಾದ ಎಚ್.264 ಕಡಿಮೆ ಜಾಗದಲ್ಲಿ ಹೆಚ್ಚು ಹಿಡಿಯುತ್ತದೆ ಎಂಬುದು ನಿಜ. ಆದರೂ ಒಂದು ಮೆಗಾಬಿಟ್‌ನಲ್ಲಿ ಫುಲ್ ಎಚ್‌ಡಿ ತುಂಬಿಸುವುದೆಂದರೆ ಒಂದು ಸೇರಿನ ಪಾತ್ರೆಯಲ್ಲಿ ಹತ್ತು ಸೇರು ತೊಗರಿ ಅಳೆದ ಹಾಗೆ.

ಜಾಗ ಸಾಲದಾದಾಗ ಎನ್‌ಕೋಡರ್, ಅಂದರೆ ವಿಡಿಯೊ ಕುಗ್ಗಿಸುವ ತಂತ್ರಾಂಶ, ಏನು ಮಾಡುತ್ತದೆ ಎಂಬುದನ್ನು ತಿಳಿದರೆ ಮಸುಕಿನ ಬಗೆ ನೋಡಿಯೇ ಕಾರಣ ಹೇಳಬಹುದು. ಎಚ್.264 ಚಿತ್ರವನ್ನು 16 ಗುಣಿಸು 16 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿಕೊಳ್ಳುತ್ತದೆ. ಬಿಟ್ ಕಡಿಮೆ ಬಿದ್ದರೆ ಚೌಕದ ಒಳಗಿನ ಅತಿ ಸಣ್ಣ ವಿವರವನ್ನು ಮೊದಲು ಬಿಟ್ಟುಬಿಡುತ್ತದೆ. ನೆರಳಿರುವ, ಕಪ್ಪಾದ ಜಾಗದಲ್ಲಿ ಇನ್ನೂ ಧಾರಾಳವಾಗಿ ಬಿಡುತ್ತದೆ, ಏಕೆಂದರೆ ಕಣ್ಣಿಗೆ ಅಲ್ಲಿ ಗೊತ್ತಾಗದು ಎಂಬ ಲೆಕ್ಕ ಅದರದು. ಬಿದ್ರಿಗೆ ಇದರಿಂದ ಎರಡು ಪೆಟ್ಟು: ಮೈಯೆಲ್ಲ ಕಪ್ಪು, ಕಪ್ಪಿನ ಮೇಲಿರುವುದೆಲ್ಲ ಅತಿ ಸಣ್ಣ ಗೆರೆ. ಟಿವಿಯಲ್ಲಿ ನಾವು ಕಂಡ ಚೌಕ ಕಲೆಗಳು ಈ ಕತ್ತರಿಕೆಯ ಗುರುತುಗಳೇ. ನಿಮ್ಮ ವಿಡಿಯೊದಲ್ಲೂ ಸೀರೆಯ ನೇಯ್ಗೆ, ತಲೆಗೂದಲು, ಮರದ ಎಲೆ, ರಥ ಎಳೆಯುವಾಗಿನ ಜನಸಂದಣಿ ಇವು ಮಾತ್ರ ಕದಡಿ, ಮುಖ ಪರವಾಗಿಲ್ಲ ಎನ್ನುವಂತಿದ್ದರೆ ಮೊದಲ ಅನುಮಾನ ಬಿಟ್‌ರೇಟ್ ಮೇಲಿರಲಿ.

ನಾನು ಎಕ್ಸ್‌ಪೋರ್ಟ್ ಮಾಡುವಾಗ ಫೋನ್‌ನಲ್ಲಿ ಹಂಚಲೆಂದು ಇರುವ ಸಣ್ಣ ಗಾತ್ರದ ಸಿದ್ಧ ಆಯ್ಕೆಯನ್ನು ಬದಲಿಸದೆ ಬಿಟ್ಟಿದ್ದೆ. ಯೂಟ್ಯೂಬ್ ತನಗೆ ಏರಿಸುವವರಿಗೆ 1080ರ, ಅಂದರೆ ಫುಲ್ ಎಚ್‌ಡಿಯ, ಸಾಮಾನ್ಯ ವಿಡಿಯೊಗೆ ಸೆಕೆಂಡಿಗೆ 8 ಮೆಗಾಬಿಟ್, ಸೆಕೆಂಡಿಗೆ 50–60 ಫ್ರೇಮ್ (ಬಿಡಿಚಿತ್ರ) ಇರುವುದಕ್ಕೆ 12, ಅಗಲ, ಎತ್ತರ ಎರಡೂ ಇಮ್ಮಡಿಯಾದ 4ಕೆಗೆ 35ರಿಂದ 45 ಎಂದು ಸಲಹೆ ಕೊಡುತ್ತದೆ. ಮನೆಯ ಪೆನ್‌ಡ್ರೈವ್‌ನಲ್ಲಿ ಜಾಗಕ್ಕೆ ಬರವಿಲ್ಲ; ನಾನು 1080ಕ್ಕೆ 16 ಇಟ್ಟೆ. 25 ನಿಮಿಷಕ್ಕೆ 3 ಜಿಬಿ ಆಯಿತು. ಹ್ಯಾಂಡ್‌ಬ್ರೇಕ್‌ನಂತಹ ಉಚಿತ ತಂತ್ರಾಂಶ ಬಳಸುವವರು ಬಿಟ್‌ರೇಟ್ ಬದಲು ‘ಕಾನ್‌ಸ್ಟಂಟ್ ಕ್ವಾಲಿಟಿ’ ಆರಿಸಿಕೊಳ್ಳುವುದು ಮೇಲು. ಅಲ್ಲಿ ಅಂಕಿ ಇಳಿದಷ್ಟೂ ಗುಣ ಏರುತ್ತದೆ. ಸಾಮಾನ್ಯ ದೃಶ್ಯಕ್ಕೆ 20, ಇಂತಹ ಸೂಕ್ಷ್ಮ ಕೆಲಸಕ್ಕೆ 17–18 ಇರಲಿ. ಆರು ಅಂಕಿ ಏರಿಸಿದರೆ ಫೈಲ್ ಸುಮಾರು ಅರ್ಧವಾಗುತ್ತದೆ ಎಂದು ನೆನಪಿಟ್ಟರೆ ಅಂದಾಜು ಸಿಗುತ್ತದೆ.

ಒಂದು ಎಚ್ಚರಿಕೆ: ಈಗಾಗಲೇ ಕೆಟ್ಟ 190 ಎಂಬಿ ಫೈಲನ್ನೇ ಮತ್ತೆ 16 ಮೆಗಾಬಿಟ್‌ಗೆ ಪರಿವರ್ತಿಸಿದರೆ ತೂಕ ಹೆಚ್ಚುತ್ತದೆ, ತಂತಿ ಮರಳಿ ಬರುವುದಿಲ್ಲ. ಮೂಲ ತುಣುಕುಗಳಿಂದಲೇ ಹೊಸದಾಗಿ ಎಕ್ಸ್‌ಪೋರ್ಟ್ ಮಾಡಬೇಕು. ಮೂಲ ತುಣುಕುಗಳನ್ನು ಅಳಿಸಬೇಡಿ ಎಂದು ನಾನು ಕಂಡವರಿಗೆಲ್ಲ ಹೇಳುವುದು ಇದಕ್ಕೇ.

ಪ್ರಾಜೆಕ್ಟ್‌ನ ಅಳತೆ

ಬಿಟ್‌ರೇಟ್ ಸರಿಪಡಿಸಿದ ಮೇಲೆ ಚೌಕ ಕಲೆಗಳು ಹೋದವು. ತಂತಿ ಮಾತ್ರ ಇನ್ನೂ ಮೆತ್ತಗಿತ್ತು. ಮೀಡಿಯಾಇನ್ಫೊ ಎಂಬ ಉಚಿತ ಸಾಧನದಲ್ಲಿ ಫೈಲ್ ತೆರೆದೆ. ವಿಎಲ್‌ಸಿಯ ‘ಟೂಲ್ಸ್’ ಪಟ್ಟಿಯ ‘ಕೋಡೆಕ್ ಇನ್ಫರ್ಮೇಶನ್’ನಲ್ಲೂ ಇದನ್ನು ನೋಡಬಹುದು. ಅಳತೆ 1280 ಗುಣಿಸು 720 ಎಂದಿತ್ತು. ನಾನು ಚಿತ್ರೀಕರಿಸಿದ್ದು 1920 ಗುಣಿಸು 1080ರಲ್ಲಿ.

ಕಾರಣ ಹೀಗಿತ್ತು. ಟೈಮ್‌ಲೈನ್‌ಗೆ (ತುಣುಕುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಗೆ) ನಾನು ಮೊದಲು ಎಳೆದು ಹಾಕಿದ ತುಣುಕು ನನ್ನದಾಗಿರಲಿಲ್ಲ. ಕಲಬುರಗಿಯಲ್ಲಿರುವ ನಮ್ಮ ಅಕ್ಕ ಮೆಸೇಜ್ ಆ್ಯಪ್‌ನಲ್ಲಿ ಕಳಿಸಿದ, ಬೀದರ್ ಕೋಟೆಯ ಸಣ್ಣ ದೃಶ್ಯ. ಅನೇಕ ಆ್ಯಪ್‌ಗಳು ಮೊದಲ ತುಣುಕಿನ ಅಳತೆಯನ್ನೇ ಇಡೀ ಪ್ರಾಜೆಕ್ಟ್‌ಗೆ ಹಿಡಿದುಬಿಡುತ್ತವೆ. ಅಲ್ಲಿಂದ ಮುಂದೆ ನನ್ನ ಒಂದೊಂದು ಫ್ರೇಮ್‌ನ 20.7 ಲಕ್ಷ ಪಿಕ್ಸೆಲ್‌ಗಳು 9.2 ಲಕ್ಷಕ್ಕೆ ಕುಗ್ಗಿದವು. ಟಿವಿ ಅವನ್ನು ಮತ್ತೆ 20.7 ಲಕ್ಷಕ್ಕೆ ಎಳೆಯಿತು. ಕುಗ್ಗಿಸಿ ಹಿಗ್ಗಿಸಿದ ಬಟ್ಟೆ ಜಾಳಾಗುತ್ತದೆ. ಹೊಸ ಪ್ರಾಜೆಕ್ಟ್ ತೆರೆದಾಗ ಮೊದಲ ಕೆಲಸವಾಗಿ ಅಳತೆ ಮತ್ತು ಫ್ರೇಮ್ ದರವನ್ನು ಕೈಯಾರೆ ನಮೂದಿಸಿ, ಆಮೇಲೆ ತುಣುಕು ತನ್ನಿ. ಫ್ರೇಮ್ ದರವನ್ನಂತೂ ನಡುವೆ ಬದಲಿಸುವುದು ಕಷ್ಟ; ಡಾವಿಂಚಿ ರಿಸಾಲ್ವ್‌ನಂತಹ ತಂತ್ರಾಂಶದಲ್ಲಿ ಟೈಮ್‌ಲೈನ್‌ಗೆ ತುಣುಕು ಬಿದ್ದ ಮೇಲೆ ಅದು ಬೀಗ ಹಾಕಿದಂತೆ ನಿಲ್ಲುತ್ತದೆ.

ಈ ಫ್ರೇಮ್ ದರದಿಂದ ಬರುವ ಮಸುಕನ್ನು ಗುರುತಿಸುವುದು ಸುಲಭ. ನಿಂತ ವಸ್ತು ಸ್ಪಷ್ಟ, ಚಲಿಸುವುದು ಮಾತ್ರ ಎರಡೆರಡಾಗಿ ಕಾಣುತ್ತದೆ. ಕಾಕಾರ ಸುತ್ತಿಗೆ ಮೇಲಿಂದ ಇಳಿಯುವ ಫ್ರೇಮ್ ಒಂದನ್ನು ನಿಲ್ಲಿಸಿ ನೋಡಿದೆ: ಒಂದೇ ಕೈಯಲ್ಲಿ ಎರಡು ಸುತ್ತಿಗೆ, ಒಂದರ ಮೇಲೊಂದು, ಎರಡೂ ಅರೆಪಾರದರ್ಶಕ. ಮೊಬೈಲ್ ಸೆಕೆಂಡಿಗೆ 30 ಫ್ರೇಮ್ ತೆಗೆದಿತ್ತು, ಪ್ರಾಜೆಕ್ಟ್ 25ರಲ್ಲಿತ್ತು. ‘ಫ್ರೇಮ್ ಬ್ಲೆಂಡಿಂಗ್’ ಚಾಲೂ ಇದ್ದುದರಿಂದ ಆ್ಯಪ್ ಎರಡು ಫ್ರೇಮ್ ಬೆರೆಸಿ ಒಂದು ಮಾಡುತ್ತಿತ್ತು. ಪ್ರಾಜೆಕ್ಟನ್ನು 30ಕ್ಕೆ ಇಟ್ಟು ಬ್ಲೆಂಡಿಂಗ್ ನಿಲ್ಲಿಸಿದೆ. ಸುತ್ತಿಗೆ ಒಂದೇ ಆಯಿತು. ಬಹುಪಾಲು ತುಣುಕುಗಳು ಯಾವ ದರದಲ್ಲಿವೆಯೋ ಪ್ರಾಜೆಕ್ಟ್ ಕೂಡ ಅದೇ ದರದಲ್ಲಿರಲಿ.

ಸ್ಥಿರಚಿತ್ರ ಸೇರಿಸುವವರಿಗೆ ಇನ್ನೊಂದು ಮಾತು. 4000 ಗುಣಿಸು 3000 ಪಿಕ್ಸೆಲ್‌ನ ಫೋಟೊ 1080ಕ್ಕೆ ಇಳಿಯುವಾಗ ತೆಳುಗೆರೆಗಳು ಮಿಣಮಿಣ ಮಿನುಗಬಹುದು, ಅದರಲ್ಲೂ ನಿಧಾನವಾಗಿ ಜೂಮ್ ಮಾಡುವಾಗ. ಹೂಜಿಯ ಕಂಠದ ಹೂಬಳ್ಳಿ ಹಾವಿನಂತೆ ಹರಿದಾಡುತ್ತಿತ್ತು. ಶಾಟ್‌ಕಟ್ ಎಂಬ ಸಂಕಲನ ತಂತ್ರಾಂಶದಲ್ಲಿ ಎಕ್ಸ್‌ಪೋರ್ಟ್ ಪುಟದ ‘ಇಂಟರ್‌ಪೊಲೇಶನ್’ ಅನ್ನು ಬೈಕ್ಯೂಬಿಕ್ ಅಥವಾ ಲ್ಯಾಂಜೋಸ್‌ಗೆ ಬದಲಿಸಿ. ಸಾಲದಿದ್ದರೆ ಆ ಒಂದು ಫೋಟೊಗೆ ಕಂಡೂ ಕಾಣದಷ್ಟು ಬ್ಲರ್ ಕೊಡಿ. ಸ್ಪಷ್ಟತೆಗಾಗಿ ಬ್ಲರ್ ಕೊಡುವುದು ವಿಚಿತ್ರವೆನಿಸಿದರೂ ಕಣ್ಣಿಗೆ ಗೆರೆ ನಿಂತಂತೆ ಕಾಣುವುದು ಆಗಲೇ.

ಕೆಂಪು ಬಣ್ಣದ ತೊಂದರೆ

ಇದು ನನ್ನನ್ನು ಅತಿ ಹೆಚ್ಚು ಕಾಡಿದ ದೋಷ, ಅತಿ ಹೆಚ್ಚು ಕಲಿಸಿದ್ದೂ ಇದೇ. ಕಾಕಾರ ಹೆಂಡತಿ ಕಾಕಿ ಚಹಾ ತಂದುಕೊಡುವ ದೃಶ್ಯವೊಂದಿದೆ. ಉಟ್ಟಿದ್ದು ಇಳಕಲ್ ಸೀರೆ. ಕೆಂಪು ಸೆರಗಿನ ಮೇಲೆ ಬಿಳಿಯ ತೆನೆ. ಕಾಕಿಯ ಮುಖ, ಕೈಬಳೆ, ಲೋಟದ ಅಂಚು ಎಲ್ಲವೂ ಚೊಕ್ಕಟ. ಸೆರಗಿನ ಕೆಂಪಿಗೆ ಮಾತ್ರ ಅಂಚೇ ಇಲ್ಲ, ನೆನೆದ ಬಟ್ಟೆಯಿಂದ ಬಣ್ಣ ಬಿಟ್ಟ ಹಾಗೆ ಪಕ್ಕಕ್ಕೆ ಹರಡಿತ್ತು. ಆರಂಭದಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಕುಂಕುಮ ಬಣ್ಣದಲ್ಲಿ ನಾನು ಬರೆದಿದ್ದ ಶೀರ್ಷಿಕೆಯೂ ಹಾಗೇ. ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಮನೆಬಳಕೆಯ ವಿಡಿಯೊಗಳಲ್ಲಿ ಬೆಳಕು ಮತ್ತು ಬಣ್ಣವನ್ನು ಬೇರೆ ಬೇರೆ ಇಡುತ್ತಾರೆ. ಬೆಳಕಿನ ವಿವರ 1920 ಗುಣಿಸು 1080 ಪೂರ್ಣವಾಗಿರುತ್ತದೆ. ಬಣ್ಣದ ವಿವರ ಅಗಲ, ಎತ್ತರ ಎರಡರಲ್ಲೂ ಅರ್ಧ, ಅಂದರೆ 960 ಗುಣಿಸು 540. ಇದಕ್ಕೆ 4:2:0 ಎಂದು ಹೆಸರು. ಮನುಷ್ಯನ ಕಣ್ಣು ಬಣ್ಣಕ್ಕಿಂತ ಬೆಳಕಿನ ಏರಿಳಿತವನ್ನು ಚೆನ್ನಾಗಿ ಹಿಡಿಯುವುದರಿಂದ ಸಾಮಾನ್ಯವಾಗಿ ಇದು ಗೊತ್ತಾಗುವುದಿಲ್ಲ. ಗೊತ್ತಾಗುವುದು ಗಾಢ ಕೆಂಪಿನಲ್ಲಿ, ಏಕೆಂದರೆ ಕಡುಗೆಂಪಿಗೆ ಹೊಳಪು ಕಡಿಮೆ. ಕಪ್ಪಿನ ಪಕ್ಕದಲ್ಲಿ ಅದನ್ನು ಬೇರ್ಪಡಿಸಿ ತೋರಿಸುವ ಹೊರೆಯೆಲ್ಲ ಆ ಅರ್ಧ ಅಳತೆಯ ಬಣ್ಣದ ಮೇಲೆ ಬೀಳುತ್ತದೆ.

ಶೀರ್ಷಿಕೆಗೆ ಪರಿಹಾರ ಪೂರ್ತಿ ನಮ್ಮ ಕೈಯಲ್ಲಿದೆ: ಕೆನೆಬಿಳಿ ಅಕ್ಷರ, ಸುತ್ತ ತೆಳುವಾದ ಕಪ್ಪು ಅಂಚು. ಕನ್ನಡ ಲಿಪಿಗೆ ಇದು ಹೆಚ್ಚು ಮುಖ್ಯ. ತಲೆಕಟ್ಟು, ಒತ್ತು, ಕೊಂಬು ಇವೆಲ್ಲ ಸಣ್ಣ ಸುರುಳಿಗಳು. ತೆಳು ಫಾಂಟ್‌ನಲ್ಲಿ ಬರೆದರೆ ‘ಕ್ಷ’, ‘ಷ್ಟ್ರ’ಗಳು ಟಿವಿಯಲ್ಲಿ ಉಂಡೆಯಾಗುತ್ತವೆ. ದಪ್ಪ ಫಾಂಟ್ ಆರಿಸಿ, ಅಕ್ಷರದ ಗಾತ್ರ ಕಂಪ್ಯೂಟರ್‌ನಲ್ಲಿ ಚೆಂದ ಕಾಣುವುದಕ್ಕಿಂತ ಸ್ವಲ್ಪ ದೊಡ್ಡದಿರಲಿ.

ಸೆರಗಿಗೆ ಅಂತಹ ಸುಲಭ ದಾರಿಯಿಲ್ಲ. 4ಕೆಯಲ್ಲಿ ಚಿತ್ರೀಕರಿಸಿ 4ಕೆಯಲ್ಲೇ ಎಕ್ಸ್‌ಪೋರ್ಟ್ ಮಾಡಿ 4ಕೆ ಟಿವಿಯಲ್ಲಿ ತೋರಿಸಿದರೆ ಬಣ್ಣಕ್ಕೂ 1920 ಗುಣಿಸು 1080 ಸಿಗುತ್ತದೆ, ತೆನೆ ನಿಲ್ಲುತ್ತದೆ. ನಮ್ಮದು ಫುಲ್ ಎಚ್‌ಡಿ ಟಿವಿ. ಆದ್ದರಿಂದ ಸಂಕಲನದಲ್ಲಿ ಕೆಂಪಿನ ಗಾಢತೆಯನ್ನು ಏರಿಸಿದ್ದನ್ನು ಹಿಂದಕ್ಕೆ ಇಳಿಸಿದೆ. ಹರಡುವಿಕೆ ಕಣ್ಣಿಗೆ ಹೊಡೆಯದಷ್ಟು ತಗ್ಗಿತು. ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಜೋಡಿಸಿ ತೋರಿಸುವವರು ಟಿವಿಯ ಆ ಇನ್‌ಪುಟ್‌ಗೆ ‘ಪಿಸಿ’ ಎಂಬ ಗುರುತು ಕೊಡಬೇಕು. ಅನೇಕ ಟಿವಿಗಳು ಆ ಗುರುತು ಕಂಡರೆ ಮಾತ್ರ ಬಣ್ಣವನ್ನು ತಾವೂ ಇನ್ನೊಮ್ಮೆ ಅರ್ಧ ಮಾಡದೆ ಪೂರ್ತಿ ತೋರಿಸುತ್ತವೆ.

ಹಳೆಯ ಕ್ಯಾಸೆಟ್‌ನ ತುಣುಕು

ಕಾಕಾರ ತಂದೆಯವರು ಕೆಲಸ ಮಾಡುತ್ತಿದ್ದ 40 ಸೆಕೆಂಡಿನ ದೃಶ್ಯವೊಂದು ಮನೆಯ ಹಳೆಯ ಮಿನಿ ಡಿವಿ ಕ್ಯಾಸೆಟ್‌ನಲ್ಲಿತ್ತು. ಅದನ್ನು ಬಿಡುವ ಮಾತೇ ಇರಲಿಲ್ಲ. ಟಿವಿಯಲ್ಲಿ ಮಾತ್ರ ಅವರ ಕೈ ಅಲುಗಿದಾಗಲೆಲ್ಲ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತೆ ಅಡ್ಡಗೆರೆ ಏಳುತ್ತಿದ್ದವು.

ನಮ್ಮ ದೇಶದಲ್ಲಿ ಬಳಸುತ್ತಿದ್ದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, ಒಂದೊಂದು ಚಿತ್ರವೂ ಎರಡು ಕಂತು: ಒಮ್ಮೆ ಬೆಸ ಸಾಲುಗಳು, ಒಮ್ಮೆ ಸಮ ಸಾಲುಗಳು. ಎರಡು ಕಂತಿನ ನಡುವೆ ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದಿರುತ್ತದೆ, ಅಷ್ಟರಲ್ಲಿ ಕೈ ಸರಿದಿರುತ್ತದೆ. ಎರಡನ್ನೂ ಹೆಣೆದು ಒಂದೇ ಚಿತ್ರ ಮಾಡಿದರೆ ಹಲ್ಲು ಮೂಡುತ್ತವೆ. ನಾನು ಮಾಡಿದ ದೊಡ್ಡ ತಪ್ಪೆಂದರೆ ಅದನ್ನು ಹಾಗೆಯೇ 1080ಕ್ಕೆ ಹಿಗ್ಗಿಸಿದ್ದು. ಹಿಗ್ಗಿಸಿದ ಮೇಲೆ ಹಲ್ಲುಗಳು ಪಕ್ಕದ ಸಾಲುಗಳಿಗೆ ಬಳಿದುಕೊಂಡು ಬೇರ್ಪಡಿಸಲಾಗದಂತೆ ಕಲಸಿಹೋಗುತ್ತವೆ. ಮೊದಲು ಡಿಇಂಟರ್‌ಲೇಸ್ (ಹೆಣೆದ ಕಂತುಗಳನ್ನು ಬಿಡಿಸಿ ಪೂರ್ಣ ಚಿತ್ರ ಮಾಡುವುದು), ಆಮೇಲೆ ಹಿಗ್ಗಿಸುವುದು. ಈ ಕ್ರಮ ತಪ್ಪಬಾರದು.

ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ ಪುಟದಲ್ಲಿ ಡಿಇಂಟರ್‌ಲೇಸ್‌ಗೆ ‘ಯಾಡಿಫ್’ ಆರಿಸಿ, ಅದರಲ್ಲಿ ‘ಬಾಬ್’ ಇಟ್ಟರೆ ಎರಡು ಕಂತುಗಳು ಎರಡು ಪೂರ್ಣ ಫ್ರೇಮ್ ಆಗಿ ಸೆಕೆಂಡಿಗೆ 50 ಫ್ರೇಮ್ ಸಿಗುತ್ತವೆ. ಚಲನೆ ನಯವಾಗಿ ಉಳಿಯುತ್ತದೆ. ಅದನ್ನು ನನ್ನ 30 ಫ್ರೇಮ್‌ನ ಪ್ರಾಜೆಕ್ಟ್‌ಗೆ ತಂದಾಗ ಚಲನೆಯಲ್ಲಿ ತುಸು ತಡವರಿಕೆ ಬಂತು. 40 ಸೆಕೆಂಡಿಗೆ ಅದನ್ನು ಒಪ್ಪಿಕೊಂಡೆ. ಡಿಇಂಟರ್‌ಲೇಸ್ ಮಾಡಿದ ಮೇಲೆ ಕೈ ಹಿಂದೆ ಮುಂದೆ ನಡುಗುವಂತೆ ಕಂಡರೆ ಕಂತುಗಳ ಸರದಿ ತಿರುಗಾಮುರುಗಾ ಆಗಿದೆ ಎಂದರ್ಥ. ಪಾಲ್ ಡಿವಿ ಕ್ಯಾಸೆಟ್‌ನಲ್ಲಿ ಕೆಳಗಿನ ಕಂತು, ಅಂದರೆ ಸಮ ಸಾಲುಗಳು, ಮೊದಲು ಬರುತ್ತದೆ, ಎಚ್‌ಡಿ ಹ್ಯಾಂಡಿಕ್ಯಾಮ್‌ನ 1080 ಇಂಟರ್‌ಲೇಸ್ಡ್‌ನಲ್ಲಿ ಮೇಲಿನದು. ಹಳೆಯ 4:3 ಚಿತ್ರವನ್ನು ಅಗಲ ಪರದೆ ತುಂಬಲೆಂದು ಎಳೆಯಬೇಡಿ, ಎರಡು ಪಕ್ಕದಲ್ಲಿ ಕಪ್ಪು ಪಟ್ಟಿ ಇರಲಿ. ಅಜ್ಜನ ಮುಖ ಅಗಲವಾಗಿ ಕಾಣುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಈಗ ಟಿವಿ

ಫೈಲ್ ಸರಿಹೋದ ಮೇಲೆಯೇ ಟಿವಿಯತ್ತ ತಿರುಗಬೇಕು. ಅದಕ್ಕೊಂದು ಪರೀಕ್ಷಾ ಚಿತ್ರ ಮಾಡಿಕೊಳ್ಳಿ. ಚಿತ್ರ ಬರೆಯುವ ಯಾವುದೇ ತಂತ್ರಾಂಶದಲ್ಲಿ 1920 ಗುಣಿಸು 1080ರ ಹಾಳೆ ತೆರೆದು, ನಾಲ್ಕೂ ಅಂಚಿಗೆ ತಾಗಿದಂತೆ ಒಂದು ಪಿಕ್ಸೆಲ್ ದಪ್ಪದ ಬಿಳಿ ಗೆರೆ ಎಳೆಯಿರಿ. ನಡುವೆ ಒಂದು ಪಿಕ್ಸೆಲ್ ಕಪ್ಪು, ಒಂದು ಪಿಕ್ಸೆಲ್ ಬಿಳಿ ಎಂದು ನೂರಾರು ನಿಂತ ಗೆರೆಗಳ ಪಟ್ಟಿ ಹಾಕಿ. ಹತ್ತು ಸೆಕೆಂಡಿನ ವಿಡಿಯೊ ಆಗಿ ಹೆಚ್ಚಿನ ಬಿಟ್‌ರೇಟ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ ಟಿವಿಯಲ್ಲಿ ಹಾಕಿ.

ನಮ್ಮ ಟಿವಿಯಲ್ಲಿ ಅಂಚಿನ ಗೆರೆ ಕಾಣಲೇ ಇಲ್ಲ. ನಡುವಿನ ಪಟ್ಟಿಯಲ್ಲಿ ಬೂದುಬಣ್ಣದ ಅಲೆಗಳು ಎದ್ದಿದ್ದವು. ಟಿವಿ ಚಿತ್ರದ ಅಂಚು ಕತ್ತರಿಸಿ ಉಳಿದದ್ದನ್ನು ಹಿಗ್ಗಿಸುತ್ತಿದೆ ಎಂಬುದಕ್ಕೆ ಇದೇ ಸಾಕ್ಷಿ. ಓವರ್‌ಸ್ಕ್ಯಾನ್ ಎನ್ನುವ ಈ ಪದ್ಧತಿ ಪಿಕ್ಚರ್ ಟ್ಯೂಬ್ ಕಾಲದ್ದು. 1975ರ ಆಗಸ್ಟ್‌ನಲ್ಲಿ ಉಪಗ್ರಹ ಪ್ರಯೋಗದ ಮೂಲಕ ನೆರೆಯ ಅಂದಿನ ಗುಲ್ಬರ್ಗ ಜಿಲ್ಲೆಯ ಹಳ್ಳಿಗಳಿಗೆ ಟಿವಿ ಬಂದಿತಲ್ಲ, ಅಂತಹ ಟ್ಯೂಬ್‌ಗಳ ಅಂಚಿನಲ್ಲಿ ಚಿತ್ರ ಸೊಟ್ಟಗಿರುತ್ತಿತ್ತು. ಅದನ್ನು ಚೌಕಟ್ಟಿನ ಹಿಂದೆ ಮರೆಸಲು ಚಿತ್ರವನ್ನೇ ತುಸು ದೊಡ್ಡದು ಮಾಡುತ್ತಿದ್ದರು. ಚಪ್ಪಟೆ ಪರದೆಗೆ ಅದರ ಅಗತ್ಯವಿಲ್ಲ. ಪ್ರತಿ ಅಂಚಿನಲ್ಲಿ ಶೇ 2.5ರಷ್ಟು ಹೋದರೂ ಉಳಿಯುವುದು 1824 ಗುಣಿಸು 1026. ಅದನ್ನು ಮತ್ತೆ 1920ಕ್ಕೆ ಎಳೆದಾಗ ಒಂದು ಪಿಕ್ಸೆಲ್‌ನ ತಂತಿ ಎರಡು ಪಿಕ್ಸೆಲ್‌ಗೆ ಹಂಚಿಹೋಗುತ್ತದೆ. ಎಲ್‌ಜಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸ್ಯಾಮ್‌ಸಂಗ್‌ನಲ್ಲಿ ‘ಸ್ಕ್ರೀನ್ ಫಿಟ್’ ಅಥವಾ ‘ಫಿಟ್ ಟು ಸ್ಕ್ರೀನ್’, ಸೋನಿಯಲ್ಲಿ ‘ಡಿಸ್‌ಪ್ಲೇ ಏರಿಯಾ’ದೊಳಗೆ ‘ಫುಲ್ ಪಿಕ್ಸೆಲ್’ ಎಂದು ಹುಡುಕಿ. ಬೇರೆ ಟಿವಿಗಳಲ್ಲಿ ಚಿತ್ರದ ಗಾತ್ರ ಬದಲಿಸುವ ಪಟ್ಟಿಯಲ್ಲಿ ಇರುತ್ತದೆ. ಬದಲಿಸಿದ ಕೂಡಲೇ ನಮ್ಮ ಟಿವಿಯಲ್ಲಿ ನಾಲ್ಕೂ ಅಂಚಿನ ಗೆರೆ ಮೂಡಿತು, ಅಲೆಗಳು ಮಾಯವಾಗಿ ಗೆರೆಗಳು ಒಂದೊಂದಾಗಿ ನಿಂತವು. ಈ ಎಂಟು ಸಂಜೆಗಳಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಗಳಿಗೆ ಅದು.

32 ಇಂಚಿನ ಅನೇಕ ‘ಎಚ್‌ಡಿ ರೆಡಿ’ ಟಿವಿಗಳ ಪರದೆ 1366 ಗುಣಿಸು 768 ಮಾತ್ರ. ಅಲ್ಲಿ ಈ ಗೆರೆಗಳು ಯಾವ ಸೆಟ್ಟಿಂಗ್‌ನಲ್ಲೂ ಬಿಡಿಯಾಗಿ ಕಾಣುವುದಿಲ್ಲ. ಸೆಟ್ಟಿಂಗ್ ತಿರುಗಿಸುತ್ತ ರಾತ್ರಿ ಕಳೆಯಬೇಡಿ.

ನಂತರ ಶಾರ್ಪ್‌ನೆಸ್. ಕಪ್ಪು ಅಕ್ಷರದ ಸುತ್ತ ಬಿಳಿ ಪ್ರಭೆ ಕಾಣುತ್ತಿದ್ದರೆ ಅದು ಹೆಚ್ಚಾಗಿದೆ. ಪ್ರಭೆ ಹೋಗುವವರೆಗೆ ಇಳಿಸಿ. ಬಹಳ ಟಿವಿಗಳಲ್ಲಿ ಇದು ಸೊನ್ನೆಯ ಆಸುಪಾಸಿನಲ್ಲಿ, ಕೆಲವು ಕಂಪನಿಗಳಲ್ಲಿ ನಡುವಿನ ಅಂಕಿಯಲ್ಲಿ ಆಗುತ್ತದೆ. ‘ನಾಯ್ಸ್ ರಿಡಕ್ಷನ್’ ಎಂದಿರುವ ಎಲ್ಲವನ್ನೂ ನಿಲ್ಲಿಸಿ. ಅದು ಚಿತ್ರದಲ್ಲಿ ಬೇಡವಾದ ಚುಕ್ಕಿ ಯಾವುದು, ಬಟ್ಟೆಯ ನೇಯ್ಗೆ ಯಾವುದು ಎಂದು ತಿಳಿಯದೆ ಎರಡನ್ನೂ ಒರೆಸುತ್ತದೆ. ‘ವಿವಿಡ್’ ಬದಲು ‘ಸಿನಿಮಾ’ ಅಥವಾ ‘ಮೂವಿ’ ಇಟ್ಟರೆ ಇವುಗಳಲ್ಲಿ ಅನೇಕ ತಾವಾಗಿ ತಗ್ಗುತ್ತವೆ. ಸಂಕಲನದಲ್ಲಿ ನೀವೇ ಶಾರ್ಪನ್ ಫಿಲ್ಟರ್ ಹಾಕಿದ್ದರೆ ಅದನ್ನೂ ತೆಗೆದು ನೋಡಿ.

ಸಾಗಣೆ

ಮೆಸೇಜ್ ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಲಗತ್ತಿಸಿದರೆ ಫೈಲ್ ಇದ್ದಂತೆ ಹೋಗುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಇದರ ಮಿತಿ 2 ಜಿಬಿ. ಫೋನ್ ಪರದೆಯನ್ನೇ ಟಿವಿಗೆ ಪ್ರತಿಬಿಂಬಿಸುವಾಗ ಚಿತ್ರವನ್ನು ಆ ಕ್ಷಣಕ್ಕೇ ಮತ್ತೆ ಕುಗ್ಗಿಸಿ ವೈಫೈಯಲ್ಲಿ ಕಳಿಸಲಾಗುತ್ತದೆ, ಆದ್ದರಿಂದ ಪೆನ್‌ಡ್ರೈವ್ ಎಂದೂ ಮೇಲು. ಪೆನ್‌ಡ್ರೈವ್‌ನ ಫಾರ್ಮ್ಯಾಟ್ ಎಫ್‌ಎಟಿ32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಆ ಮಿತಿಯಿಲ್ಲದ ಎಕ್ಸ್‌ಫ್ಯಾಟ್ ಫಾರ್ಮ್ಯಾಟನ್ನು ಟಿವಿ ಓದುತ್ತದೆಯೇ ನೋಡಿ, ಇಲ್ಲದಿದ್ದರೆ ವಿಡಿಯೊವನ್ನು ಎರಡು ಭಾಗ ಮಾಡಿ. ಫೈಲ್ ಹಿಡಿಸಲೆಂದು ಬಿಟ್‌ರೇಟ್ ಇಳಿಸಬೇಡಿ. ಲ್ಯಾಪ್‌ಟಾಪ್ ಜೋಡಿಸುವವರು ವಿಂಡೋಸ್ ಕೀ ಜೊತೆ ‘ಪಿ’ ಒತ್ತಿ ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಆರಿಸಿ, 1920 ಗುಣಿಸು 1080 ಇದೆಯೇ ಎಂದು ನೋಡಿಕೊಳ್ಳಿ. ‘ಡುಪ್ಲಿಕೇಟ್’ನಲ್ಲಿ ಲ್ಯಾಪ್‌ಟಾಪ್‌ನ ಸಣ್ಣ ಅಳತೆಯೇ ಟಿವಿಗೂ ಹೋಗಬಹುದು. ಹಳದಿ, ಬಿಳಿ, ಕೆಂಪು ತಲೆಯ ಹಳೆಯ ಕೇಬಲ್‌ನಲ್ಲಿ ಎಚ್‌ಡಿ ಹೋಗುವುದೇ ಇಲ್ಲ.

ಸಂಕಲನದಲ್ಲಿ ಸರಿಹೋಗದ್ದು

ಇಷ್ಟೆಲ್ಲ ಆದ ಮೇಲೂ 12 ಸೆಕೆಂಡಿನ ಒಂದು ತುಣುಕು ಮಸುಕಾಗಿಯೇ ಉಳಿಯಿತು. ಅದು ಇಡೀ ವಿಡಿಯೊದ ಜೀವ: ಗೆರೆಯೊಳಗೆ ತಂತಿ ಕೂರಿಸಿ ತಟ್ಟುವ ದೃಶ್ಯ. ಮೂಲ ತುಣುಕನ್ನೇ ಟಿವಿಯಲ್ಲಿ ಹಾಕಿ ನೋಡಿದೆ, ಅಲ್ಲೂ ಹಾಗೆಯೇ. ಫೋಕಸ್ ತಂತಿಯ ಮೇಲಿರಲಿಲ್ಲ, ಕಾಕಾರ ಹೆಬ್ಬೆರಳ ಮೇಲಿತ್ತು. ಹತ್ತಿರ ಹೋಗಲೆಂದು ನಾನು ಬೆರಳಿನಿಂದ ಹಿಗ್ಗಿಸಿದ್ದರಿಂದ ಡಿಜಿಟಲ್ ಜೂಮ್ ಬೇರೆ ಸೇರಿತ್ತು. ಲೆನ್ಸ್ ಮೇಲೆ ಕುಲುಮೆಯ ಮಸಿಯೂ ಇದ್ದಿರಬೇಕು. ದೀಪದ ಸುತ್ತ ಮಂಜು ಕವಿದಂತಿತ್ತು. ಇದಕ್ಕೆ ಯಾವ ಫಿಲ್ಟರ್‌ನಲ್ಲೂ ಮದ್ದಿಲ್ಲ.

ಮತ್ತೆ ಅವರ ಕೆಲಸದ ಕೋಣೆಗೆ ಹೋದೆ. ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಫೋನನ್ನು ಸ್ಟ್ಯಾಂಡ್‌ಗೆ ಬಿಗಿದೆ. ಈ ಬಾರಿ 4ಕೆಯಲ್ಲಿ ತೆಗೆದೆ. 1080ರ ಪ್ರಾಜೆಕ್ಟ್‌ನಲ್ಲಿ ಎರಡು ಪಟ್ಟು ಹಿಗ್ಗಿಸಿದರೂ ವಿವರ ಕಳೆಯುವುದಿಲ್ಲ, ಹಾಗಾಗಿ ಉಳಿಯ ಹತ್ತಿರ ಫೋನ್ ಒಯ್ದು ಕೈಗೆ ಅಡ್ಡಿ ಮಾಡುವ ಪ್ರಮೇಯ ಬರಲಿಲ್ಲ. ತೀರ ಹತ್ತಿರ ಒಯ್ದರೆ ಕೆಲವು ಫೋನ್‌ಗಳು ತಾವಾಗಿ ಅಗಲ ಕೋನದ ಲೆನ್ಸ್‌ಗೆ ಬದಲಾಗುವ ತೊಂದರೆಯೂ ಇದೆ. ತಂತಿ ಇರುವ ಜಾಗದ ಮೇಲೆ ಬೆರಳನ್ನು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಅಲ್ಲೇ ಕಟ್ಟಿಹಾಕಿದೆ. ನಮ್ಮ ವಿದ್ಯುತ್ 50 ಹರ್ಟ್ಸ್, ದೀಪಗಳು ಸೆಕೆಂಡಿಗೆ ನೂರು ಬಾರಿ ಮಿಡಿಯುತ್ತವೆ. ಷಟರನ್ನು ಸೆಕೆಂಡಿನ ನೂರನೇ ಒಂದಕ್ಕೆ ಇಟ್ಟಾಗ ಪಟ್ಟಿಪಟ್ಟಿಯ ಮಿನುಗು ನಿಂತಿತು, ಸುತ್ತಿಗೆಯ ಚಲನೆಯೂ ಕಲಸಲಿಲ್ಲ. ಬೆಳಕು ಸಾಲದ್ದಕ್ಕೆ ಕಿಟಕಿಯ ಪರದೆ ಸರಿಸಿ, ಎದುರಿನ ಗೋಡೆಗೆ ಬಿಳಿ ಬಟ್ಟೆ ತೂಗುಹಾಕಿದೆವು.

ಕಾಕಾ ಹೊಸ ತಟ್ಟೆಯೊಂದರ ಅಂಚಿಗೆ ತಂತಿ ಕೂರಿಸಿದರು. ಆ ತುಣುಕನ್ನು ಸೇರಿಸಿ, 16 ಮೆಗಾಬಿಟ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ, ಪೆನ್‌ಡ್ರೈವ್‌ನಲ್ಲಿ ಒಯ್ದು ಟಿವಿಗೆ ಚುಚ್ಚಿದೆ. ಆ ದೃಶ್ಯ ಬಂದಾಗ ಕಾಕಾ ಎದ್ದು ಬಂದು ಪರದೆಯ ಬಲಮೂಲೆಯ ಹತ್ತಿರ ಬೆರಳಿಟ್ಟರು. “ನಿಲ್ಲಿಸು, ನಿಲ್ಲಿಸು. ಇಲ್ಲಿ ನೋಡು, ತಿರುವಿನಲ್ಲಿ ತಂತಿ ಅರ್ಧ ಎಳೆ ಮೇಲೆದ್ದಿದೆ. ಕಪ್ಪು ಏರಿಸುವ ಮೊದಲು ಇದನ್ನು ಮತ್ತೊಮ್ಮೆ ತಟ್ಟಬೇಕು.”